ಕೋಲು ಮುಖ, ಬಿಳಿ ಮೈಬಣ್ಣ, ಕಣ್ಣಿಲ್ಲ

ಪತ್ರಿಕೆಯ ‘ಕಾಣೆಯಾಗಿದ್ದಾರೆ’ ಪ್ರಕಟಣೆಗಳನ್ನು ನಾನು ತಪ್ಪದೆ ಓದುತ್ತೇನೆ. ಕೋಲು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಐದೂವರೆ ಅಡಿ ಎತ್ತರ, ಕನ್ನಡ ಮಾತನಾಡುತ್ತಾರೆ. ಇಷ್ಟು ವಿವರ ಹಿಡಿದು ಹೊರಟರೆ ಮೈಸೂರಿನ ಯಾವ ಸಿಟಿ ಬಸ್ಸಿನಿಂದಲಾದರೂ ಅರ್ಧ ಜನರನ್ನು ಇಳಿಸಿಕೊಳ್ಳಬಹುದು, ಕಂಡಕ್ಟರನ್ನೂ ಸೇರಿಸಿ. ಮನುಷ್ಯರ ಮಟ್ಟಿಗೆ ನಮಗೆ ಇಷ್ಟು ಸಾಕು. ಎರಡು ಮಿಲಿಮೀಟರಿನ ಮಣ್ಣಿನ ಜೀವಿಯೊಂದನ್ನು ಗುರುತಿಸಬೇಕಾದರೆ ಮಾತ್ರ ಅದರ ಬಾಲದ ಬುಡದ ರೋಮಗಳನ್ನು ಎಣಿಸಬೇಕಾಗುತ್ತದೆ. ಈ ಜ್ಞಾನೋದಯ ನನಗಾದದ್ದು ಬ್ಯಾಂಕಿನಿಂದ ನಿವೃತ್ತನಾದ ಮೇಲೆ, ಅಕ್ಕನ ಮಗಳು ವಿದ್ಯಾ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಓದಲು ನಮ್ಮ ಮನೆಗೆ ಬಂದಿಳಿದಾಗ.

ನನ್ನ ಹೆಂಡತಿ ಸರೋಜಳ ತುಳಸಿ ಕುಂಡದಲ್ಲಿ ನೀರು ಹಾಕಿದೊಡನೆ ಬಿಳಿ ಚುಕ್ಕಿಗಳು ಮೇಲೆದ್ದು ತೇಲುತ್ತಿದ್ದವು. ಮುಟ್ಟಹೋದರೆ ಚಂಗನೆ ನೆಗೆದು ಮಾಯ. ಅವಳು ಬೇವಿನೆಣ್ಣೆಯ ಬಾಟಲಿ ಹಿಡಿದು ನಿಂತಾಗ ವಿದ್ಯಾ ಅಡ್ಡ ಬಂದಳು. “ಬೇಡ ಅತ್ತೆ, ಇವು ಸ್ಪ್ರಿಂಗ್‌ಟೇಲ್. ಕೊಳೆತ ಎಲೆ, ಬೂಷ್ಟು ತಿಂದ್ಕೊಂಡು ಇರ್ತಾವೆ.”

“ಯಾವಾಗ ಸೇರಿಕೊಂಡವೋ ಏನೋ.”

“40 ಕೋಟಿ ವರ್ಷದಿಂದ ಇದೇ ಕೆಲಸ ಮಾಡ್ತಿವೆ.”

ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಕಲ್ಲಿನಲ್ಲಿ ಅಷ್ಟು ಹಳೆಯ ಸ್ಪ್ರಿಂಗ್‌ಟೇಲ್ ಸಿಕ್ಕಿದೆಯಂತೆ. 1926ರಲ್ಲಿ ಅದನ್ನು ವರ್ಣಿಸಿ ಹೆಸರಿಟ್ಟ ಇಬ್ಬರಲ್ಲಿ ಒಬ್ಬರು ನಮ್ಮವರೇ, ಸಮರೇಂದ್ರ ಮೌಲಿಕ್. ಸರೋಜ ಬೇವಿನೆಣ್ಣೆ ಒಳಗಿಟ್ಟಳು. ಅಷ್ಟು ಹಳೆಯ ಬಾಡಿಗೆದಾರರನ್ನು ಬಿಡಿಸುವುದು ಯಾವ ಕೋರ್ಟಿನಿಂದಲೂ ಆಗದ ಕೆಲಸ.

ಈ ಪ್ರಾಣಿ ತನ್ನ ಕವಲು ಬಾಲವನ್ನು ಹೊಟ್ಟೆಯಡಿಗೆ ಮಡಿಸಿ ಒಂದು ಕೊಕ್ಕೆಗೆ ಸಿಕ್ಕಿಸಿಕೊಂಡಿರುತ್ತದೆ. ಗಾಬರಿಯಾದರೆ ಕೊಕ್ಕೆ ಬಿಡುತ್ತದೆ, ಬಾಲ ನೆಲಕ್ಕೆ ಬಡಿಯುತ್ತದೆ, ಜೀವ ಗಾಳಿಯಲ್ಲಿರುತ್ತದೆ. ಕಾಲು ಆರಿದ್ದರೂ ಇವತ್ತಿನ ವಿಜ್ಞಾನಿಗಳು ಇದನ್ನು ಕೀಟಗಳ ಪಂಕ್ತಿಯಲ್ಲಿ ಕೂರಿಸುವುದಿಲ್ಲ. ಹೊಟ್ಟೆಗೆ ಆರೇ ಖಂಡಗಳು, ಸಾಲದ್ದಕ್ಕೆ ಬಾಯಿಯ ಭಾಗಗಳೆಲ್ಲ ತಲೆಯೊಳಗೇ ಅಡಗಿವೆ. ಬಾಯಿ ಒಳಗಿಟ್ಟುಕೊಂಡವರಿಗೆ ಪಂಕ್ತಿಯಲ್ಲಿ ಜಾಗ ಸಿಗದಿರುವುದು ನಾನು ಬ್ಯಾಂಕಿನ ಬಡ್ತಿ ಪಟ್ಟಿಗಳಲ್ಲೂ ಕಂಡದ್ದೇ.

ಬ್ಯಾಂಕೆಂದರೆ ನೆನಪಾಯಿತು. ಈ ಗಣಕ್ಕೆ ಕೊಲೆಂಬೊಲ ಎಂದು ಹೆಸರಿಟ್ಟ ಜಾನ್ ಲಬ್ಬಾಕ್ ವೃತ್ತಿಯಿಂದ ಲಂಡನ್ನಿನ ಬ್ಯಾಂಕರ್. ಪಾರ್ಲಿಮೆಂಟಿನಲ್ಲಿ ಕೂತು 1871ರಲ್ಲಿ ಬ್ಯಾಂಕ್ ರಜೆಯ ಕಾಯ್ದೆ ತಂದ ಪುಣ್ಯಾತ್ಮ ಆತನೇ. 1873ರಲ್ಲಿ ಸ್ಪ್ರಿಂಗ್‌ಟೇಲುಗಳ ಮೇಲೆ ದಪ್ಪ ಗ್ರಂಥವನ್ನೂ ಹೊರತಂದ. ಮೊದಲು ರಜೆ, ಆಮೇಲೆ ಹುಳು: ಇಂಥ ಕ್ರಮಬದ್ಧ ಆಲೋಚನೆ ಬ್ಯಾಂಕಿನವರಿಗೆ ಮಾತ್ರ ಸಾಧ್ಯ. ಅಂದಿನಿಂದ ನನಗೂ ಈ ಶಾಸ್ತ್ರದಲ್ಲಿ ಒಂದು ಬಗೆಯ ಕುಲಾಭಿಮಾನ ಹುಟ್ಟಿತು.

ಮಣ್ಣಿನಿಂದ ಇವನ್ನು ಆರಿಸಲು ಇಟಲಿಯ ಬೆರ್ಲೆಸೆ 1905ರಲ್ಲಿ ಒಂದು ಆಲಿಕೆಯ ಉಪಾಯ ಹುಡುಕಿದ. ಆಮೇಲೆ ಸ್ವೀಡನ್ನಿನ ಟುಲ್‌ಗ್ರೆನ್ ಅದರ ಮೇಲೊಂದು ದೀಪ ಹಚ್ಚಿದ. ಜಾಲರಿಯ ಮೇಲೆ ಮಣ್ಣು, ಮಣ್ಣಿನ ಮೇಲೆ ಬಲ್ಬು, ಕೆಳಗೆ ಸ್ಪಿರಿಟ್ ತುಂಬಿದ ಸೀಸೆ. ನಮ್ಮ ಮನೆಯಲ್ಲಿ ಎಣ್ಣೆ ಸುರಿಯುವ ಆಲಿಕೆ, ಚಹಾ ಸೋಸುವ ಜಾಲರಿ ಎರಡೂ ಒಂದು ಸಂಜೆ ಅಡುಗೆಮನೆಯಿಂದ ಕಾಣೆಯಾದವು. ಬಲ್ಬಿನ ಕಾವಿಗೆ ಮಣ್ಣು ಒಣಗುತ್ತ ಬಂದಂತೆ ತೇವ ಹುಡುಕಿ ಕೆಳಗಿಳಿದ ಪ್ರಾಣಿಗಳು ಒಂದೊಂದಾಗಿ ಸ್ಪಿರಿಟ್ಟಿಗೆ ಬಿದ್ದವು. ಬಾಯಾರಿ ಹೋಗಿ ಸೀಸೆಗೆ ಬಿದ್ದವರ ಕಥೆ ನಮ್ಮ ಬೀದಿಯಲ್ಲೇ ಬೇಕಾದಷ್ಟಿದೆ, ಇರಲಿ.

ಗುರುತಿಸುವ ಕೈಪಿಡಿಯ ತುಂಬ ಪ್ರಶ್ನೆಗಳು. ಮೈ ದುಂಡಗಿದೆಯೋ ಉದ್ದಕ್ಕಿದೆಯೋ? ಉದ್ದಕ್ಕಿದ್ದರೆ ಇಂಥ ಸಂಖ್ಯೆಗೆ ಹೋಗಿ. ಎದೆಯ ಮೊದಲ ಖಂಡದ ಬೆನ್ನ ಮೇಲೆ ರೋಮವಿದೆಯೋ? ಇಲ್ಲದಿದ್ದರೆ ಇನ್ನೊಂದಕ್ಕೆ ಹೋಗಿ. ಹೀಗೆ ಜನರನ್ನು ಒಂದರಿಂದ ಇನ್ನೊಂದಕ್ಕೆ ಕಳಿಸುವುದರಲ್ಲಿ ನನಗೆ ಕೌಂಟರಿನ ಒಳಗಿದ್ದ ಅನುಭವವಿತ್ತು. ಹೋಗುವ ಅನುಭವ ಇದೇ ಮೊದಲು. ಮೈ ಪಾರದರ್ಶಕವಾಗಲೆಂದು ಪ್ರಾಣಿಯನ್ನು ಲ್ಯಾಕ್ಟಿಕ್ ಆಮ್ಲದಲ್ಲಿ ನೆನೆಸಿಡಬೇಕು. ಮೊಸರಿನ ಹುಳಿಯೂ ಅದೇ ಎಂದು ತಿಳಿದ ಸರೋಜ ಅಂದಿನಿಂದ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆಗೆ ಮುಚ್ಚಳ ಹಾಕಿ, ಅದರ ಮೇಲೊಂದು ತಟ್ಟೆಯನ್ನೂ ಇಡತೊಡಗಿದಳು.

ಕಣ್ಣುಗಳ ಪ್ರಶ್ನೆ ಬಂತು. ಸ್ಪ್ರಿಂಗ್‌ಟೇಲಿಗೆ ತಲೆಯ ಒಂದೊಂದು ಬದಿಗೆ ಹೆಚ್ಚೆಂದರೆ ಎಂಟು ಕಣ್ಣು. ನಮ್ಮದಕ್ಕೆ ಒಂದೂ ಇಲ್ಲ.

“ಕಣ್ಣಿಲ್ಲದ್ದಕ್ಕೆ ದೀಪ ಹಚ್ಚಿ ಕೂತಿದ್ರಾ ಇಬ್ಬರೂ?” ಎಂದಳು ಸರೋಜ. ಕಾವು, ತೇವ ಎಂದೆಲ್ಲ ವಿದ್ಯಾ ಹೇಳಿದ ಸಮಜಾಯಿಷಿಯನ್ನು ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ.

ಮುಂದೆ ಮೀಸೆಯ ಹಿಂದಿನ ಒಂದು ಸಣ್ಣ ಅಂಗದ ಆಕಾರ, ಉಗುರಿಗೆ ಹಲ್ಲಿದೆಯೇ, ಬಾಲದ ತುದಿಗೆ ಎಷ್ಟು ಹಲ್ಲು, ಹೊಟ್ಟೆಯ ಕೊನೆಯ ಮೂರು ಖಂಡ ಕೂಡಿಕೊಂಡಿವೆಯೇ. ಕೂಡಿಕೊಂಡಿದ್ದವು, ಹಾಗಾಗಿ ಫೋಲ್ಸೋಮಿಯಾ. ರೋಮ ಎಣಿಸುವ ಸರದಿ ಬಂದಾಗ ನಾನು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ನೋಟಿನ ಕಂತೆ ಎಣಿಸಿದ ಅಭ್ಯಾಸಬಲದಿಂದ ಹೆಬ್ಬೆರಳಿಗೆ ಎಂಜಲು ಹಚ್ಚಿಕೊಂಡೆ. ಕೊನೆಗೆ ವಿದ್ಯಾಳ ಗೈಡ್ ಸ್ಲೈಡು ನೋಡಿ ತೀರ್ಪು ಕೊಟ್ಟರು: ಫೋಲ್ಸೋಮಿಯಾ ಕ್ಯಾಂಡಿಡಾ. ಹೂಕುಂಡಗಳಲ್ಲಿ ಲೋಕದ ತುಂಬ ಸಿಗುವಂಥದ್ದು. ಮಣ್ಣಿನಲ್ಲಿ ವಿಷವಿದೆಯೇ ಎಂದು ನೋಡಲು ಇದನ್ನೇ 28 ದಿನ ಆ ಮಣ್ಣಿನಲ್ಲಿ ಸಂಸಾರ ಹೂಡಿಸಿ ಮಕ್ಕಳನ್ನು ಎಣಿಸುತ್ತಾರಂತೆ. ಅದೂ ಗಂಡಿಲ್ಲದ ಸಂಸಾರ. ದೇಹದೊಳಗಿನ ವೋಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾದ ದೆಸೆಯಿಂದ ಹೆಣ್ಣೇ ಹೆಣ್ಣನ್ನು ಹಡೆಯುತ್ತ ಹೋಗುತ್ತದೆ. ಇದನ್ನು ಕೇಳಿದ ಮೇಲೆ ಸರೋಜ ಕುಂಡಕ್ಕೆ ನೀರು ಹಾಕುವ ರೀತಿಯಲ್ಲೇ ಒಂದು ಗೌರವ ಬಂತು.

ನನಗೆ ಕೊಂಚ ನಿರಾಸೆಯಾಯಿತು. ಹೊಸ ಪ್ರಭೇದವಾಗಿದ್ದರೆ ಹೆಸರಿಡುವ ಸಂಭ್ರಮವಿರುತ್ತಿತ್ತು. ಇದಕ್ಕೆ ಬೆಲ್ಜಿಯಂನ ವಿಕ್ಟರ್ ವಿಲ್ಲೆಮ್ 1902ರಲ್ಲೇ ನಾಮಕರಣ ಮುಗಿಸಿದ್ದಾರೆ. ಹೊಸದಕ್ಕಾದರೆ ಒಂದು ಮಾದರಿ ಪ್ರಾಣಿಯನ್ನು ಇಂಥದ್ದೇ ಎಂದು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇಡಬೇಕು, ಚಿತ್ರ ಬರೆಯಬೇಕು, ನೆಂಟರಿಷ್ಟರಾದ ಎಲ್ಲ ಪ್ರಭೇದಗಳಿಗಿಂತ ಇದು ಹೇಗೆ ಬೇರೆ ಎಂದು ಪುಟಗಟ್ಟಲೆ ಸಾಧಿಸಬೇಕು. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳುವುದು ಮರ್ಯಾದೆಯಲ್ಲವಂತೆ. “ಆದ್ರೆ ಮಾವನ ಹೆಸರು ಇಡಬಹುದು” ಎಂದು ವಿದ್ಯಾ ಅಂದದ್ದೇ ತಪ್ಪಾಯಿತು. ಕಂಡಕಂಡಲ್ಲಿ ಮಣ್ಣು ಕೆದಕುವ ಚಟ ನನಗೆ ಹತ್ತಿತು.

ತೀರ್ಥಹಳ್ಳಿಯ ಅಕ್ಕನ ಅಡಿಕೆ ತೋಟದಿಂದ ತಂದ ಮಣ್ಣಿನಲ್ಲಿ ಬೇರೊಂದು ಬಿಳಿ ಪ್ರಾಣಿ ಸಿಕ್ಕಿತು. ಒನಿಕಿಯೂರಿಡೇ ಕುಟುಂಬದ್ದು, ಅಂದರೆ ಸ್ಪ್ರಿಂಗ್ ಇಲ್ಲದ ಸ್ಪ್ರಿಂಗ್‌ಟೇಲ್. ಆಳದ ಮಣ್ಣಿನಲ್ಲಿ ಹಾರಿ ಹೋಗುವುದಾದರೂ ಎಲ್ಲಿಗೆ? ಬಾಲವೇ ಮಾಯವಾಗಿದೆ. ಮೈತುಂಬ ಕಣ್ಣಿನಂಥ ಗುರುತುಗಳಿವೆ, ಅವು ಕಣ್ಣಲ್ಲ. ಶತ್ರು ಕಚ್ಚಹೋದರೆ ಅಸಹ್ಯದ ರಸ ಒಸರುವ ತೂತುಗಳು. ಎಷ್ಟು ತೂತು, ಎಲ್ಲೆಲ್ಲಿ ಎಂಬುದರ ಮೇಲೆ ಪ್ರಭೇದ ನಿರ್ಧಾರ. ಸಿಕ್ಕಿದ್ದು ಒಂದೇ ಒಂದು, ಅದರ ತಲೆಯೂ ಸ್ಲೈಡಿನಲ್ಲಿ ಓರೆಯಾಗಿತ್ತು. ಇನ್ನಷ್ಟು ಬೇಕು ಎಂದರು ಗೈಡ್.

ಭಾವನಿಗೆ ಫೋನು ಮಾಡಿದೆ. ಹುಳುವಿನ ವಂಶಾವಳಿಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡರು.

“ಮಣ್ಣು ಎಷ್ಟು ಬೇಕಾದ್ರೂ ಅಗೀ ಮಾರಾಯ. ಅಡಿಕೆ ಬುಡ ಬಿಡಿಸೋಕೆ ಈ ವರ್ಷ ಆಳೇ ಸಿಕ್ಕಿಲ್ಲ. ಹಾರೆ, ಗುದ್ದಲಿ ನಾನೇ ಕೊಡ್ತೀನಿ. ನಾಳೆ ಬೆಳಗಿನ ಬಸ್ಸಿಗೇ ಬಂದುಬಿಡು.”