ಎಲೆ ಹಾಕುವ ಮುನ್ನ, ಮಾಸ್ಟರ್ ಸಾಹೇಬರಿಗೆ

ಲಂಡನ್ ಸಿಟಿಯ ಒಂದಾನೊಂದು ಲಿವರಿ ಕಂಪನಿಯ, ಅಂದರೆ ಹಳೆಯ ಕಸುಬಿನ ಸಂಘದ, ಹೊಸ ಮಾಸ್ಟರ್ ಅವರಿಗೆ ನಮಸ್ಕಾರ.

ಲಾರ್ಡ್ ಮೇಯರ್, ಇಬ್ಬರು ಶೆರಿಫ್‌ಗಳು, ನಾಲ್ಕಾರು ಆಲ್ಡರ್‌ಮನ್‌ಗಳಿಗೆ ತಾವು ಮಧ್ಯಾಹ್ನದ ಊಟ ಹಾಕಿಸುತ್ತೀರೆಂದು ತಿಳಿಯಿತು. ತಮ್ಮ ಸಂಘ ಯಾವ ಕಸುಬಿನದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೂ ಆ ಕಸುಬು ಬಲ್ಲವರು ತಮ್ಮ ಸಭಾಂಗಣದಲ್ಲಿ ಸಿಗುವುದು ಕಷ್ಟ. ಹೋದ ವರ್ಷ ಅತಿಥಿಯಾಗಿ ಬಂದ ನನ್ನ ಎಡಕ್ಕೆ ವಿಮೆಯವರು, ಬಲಕ್ಕೆ ವಕೀಲರು, ಎದುರಿಗೆ ಆಡಿಟರು. ಕಸುಬಿನ ಹತಾರಗಳು ಮಾತ್ರ ಗೋಡೆಯ ಲಾಂಛನದಲ್ಲಿ ತುಕ್ಕು ಹಿಡಿಯದೆ ಕ್ಷೇಮವಾಗಿದ್ದವು.

ನಾನು ಹಾಸನದ ಕಡೆಯವನು, ಮೂವರು ಅಕ್ಕಂದಿರ ಮದುವೆಯಲ್ಲಿ ಬಡಿಸಿ ಪಳಗಿದವನು. ಈ ಪತ್ರ ಬರೆಯಲು ನನಗಿರುವ ಅರ್ಹತೆ ಅಷ್ಟೇ.

ನಮ್ಮಲ್ಲಿ ಬೀಗರು ಮುನಿಯುವುದು ಸಾರಿಗೆ ಉಪ್ಪು ಕಮ್ಮಿಯಾಯಿತೆಂದಲ್ಲ, ಎಲೆ ಹಾಕಿದ ಜಾಗ ಸರಿಯಿಲ್ಲವೆಂದು. ತಮ್ಮವರದೂ ಅದೇ ಗೋತ್ರ. ದರ್ಜಿಗಳ ಮರ್ಚಂಟ್ ಟೇಲರ್ಸ್‌ನವರೂ ತುಪ್ಪಳದ ವ್ಯಾಪಾರದ ಸ್ಕಿನ್ನರ್ಸ್‌ನವರೂ ಆರನೆಯವರು ಯಾರು, ಏಳನೆಯವರು ಯಾರು ಎಂದು ಕಿತ್ತಾಡಿ, ಕೊನೆಗೆ 1484ರಲ್ಲಿ ಮೇಯರ್ ರಾಬರ್ಟ್ ಬಿಲ್ಸ್‌ಡನ್ ಪಂಚಾಯ್ತಿ ಕೂರಬೇಕಾಯಿತು. ವರ್ಷ ಬಿಟ್ಟು ವರ್ಷ ಸ್ಥಾನ ಅದಲುಬದಲು ಮಾಡಿಕೊಳ್ಳಿ, ಒಬ್ಬರನ್ನೊಬ್ಬರು ಊಟಕ್ಕೆ ಕರೆಯಿರಿ ಎಂಬ ತೀರ್ಪು ಇವತ್ತಿಗೂ ನಡೆದುಕೊಂಡು ಬಂದಿದೆ. ಜಗಳಕ್ಕೆ ಊಟವನ್ನೇ ದಂಡವಾಗಿ ಹಾಕಿದ ಆ ಪುಣ್ಯಾತ್ಮನ ಮೇಲೆ ನನಗೆ ಬಹಳ ಗೌರವ. 1515ರಲ್ಲಿ ಆಲ್ಡರ್‌ಮನ್‌ಗಳು 48 ಸಂಘಗಳಿಗೆ ಹಿರಿತನದ ಪಟ್ಟಿಯನ್ನೇ ಬರೆದಿಟ್ಟರು. ಪಟ್ಟಿಯ ಬಾಲ ಬೆಳೆಯುತ್ತ ಹೋಗಿ, 1992ರಲ್ಲಿ ಕಂಪ್ಯೂಟರಿನವರು ನೂರನೆಯವರಾಗಿ ಸೇರಿದರು. ನಮ್ಮ ಬೆಂಗಳೂರಿಗೆ ಅನ್ನ ಹಾಕುವ ಕಸುಬು ತಮ್ಮ ಪಂಕ್ತಿಯಲ್ಲಿ ನೂರನೆಯ ಎಲೆ!

ಇನ್ನು ತಮ್ಮ ಸಂಘದ ಕೋಲುಕಾರ ಬೀಡಲ್ ಅವರ ಘೋಷಣೆ. ಅವರು ಕೋಲು ಕುಟ್ಟಿ ಗಣ್ಯರ ಬಿರುದಾವಳಿ ಶುರುಮಾಡಿದರೆ ನನಗೆ ಅಯ್ಯಾವೊಳೆ ಐನೂರ್ವರು ನೆನಪಾಗುತ್ತಾರೆ. ನಮ್ಮ ಆ ಹಳೆಯ ವರ್ತಕ ಸಂಘದವರೂ ತಮ್ಮ ಹೊಗಳಿಕೆಯನ್ನು ಶಾಸನದ ಕಲ್ಲಿನ ಉದ್ದಕ್ಕೂ ಕೆತ್ತಿಸಿ, ಆಮೇಲೆ ಕೊಟ್ಟ ದಾನದ ವಿಷಯಕ್ಕೆ ಬರುತ್ತಿದ್ದರು. ಆದರೆ ಕಲ್ಲು ಓದುವವನಿಗೆ ಸೂಪು ಆರಿಹೋಗುವ ಭಯವಿರಲಿಲ್ಲ. ನನ್ನದು ಆರಿತ್ತು. ಕ್ಷಮೆ ಕೇಳಲು ಅವಸರವೇನಿಲ್ಲ. 1666ರಲ್ಲಿ ಪುಡಿಂಗ್ ಲೇನಿನ ಬೇಕರಿಯಿಂದ ಹೊತ್ತಿದ ಬೆಂಕಿ ಊರನ್ನೇ ಸುಟ್ಟಿತಲ್ಲ, ಅದಕ್ಕೆ ಬೇಕರ್ಸ್ ಕಂಪನಿ ಕ್ಷಮೆ ಕೇಳಿದ್ದು 1986ರಲ್ಲಿ. ಆ ಲೆಕ್ಕದಲ್ಲಿ ತಮಗೆ ಇನ್ನೂ ಮುನ್ನೂರು ಚಿಲ್ಲರೆ ವರ್ಷ ವಾಯಿದೆ ಉಂಟು.

ಊಟವಾದ ಮೇಲೆ ಬರುವ ಪನ್ನೀರಿನ ಬಟ್ಟಲಿಗೆ ನನ್ನ ತಕರಾರಿಲ್ಲ. ನಾವು ಬಾಗಿಲಲ್ಲೇ ಚಿಮುಕಿಸುತ್ತೇವೆ, ತಾವು ಕಿವಿಯ ಹಿಂದೆ ಒತ್ತಿಕೊಳ್ಳುತ್ತೀರಿ. ತಕರಾರು ಲವಿಂಗ್ ಕಪ್ಪಿನದು. ಎರಡು ಹಿಡಿಕೆಯ ಒಂದೇ ಬೆಳ್ಳಿ ಬಟ್ಟಲು, ಬಾಯಿಂದ ಬಾಯಿಗೆ. ಒಬ್ಬ ಕುಡಿಯುವಾಗ ಎದುರಿನವನು ಮುಚ್ಚಳ ಹಿಡಿಯಬೇಕು, ಹಿಂದಿನವನು ಬೆನ್ನು ಕಾಯಬೇಕು. 978ರಲ್ಲಿ ಕಾರ್ಫ್‌ನಲ್ಲಿ ಎಡ್ವರ್ಡ್ ರಾಜನನ್ನು, ಕುಡಿಯುತ್ತಿದ್ದಾಗಲೇ ಇರಿದು ಕೊಂದರೆಂಬ ಕಥೆಯಿಂದ ಈ ಕಾವಲು ಬಂತಂತೆ. ಸಾವಿರ ವರ್ಷದ ಹಿಂದಿನ ಚೂರಿಗೆ ಹೆದರುವ ಜನ ಪಕ್ಕದವರ ಎಂಜಲಿಗೆ ಹೆದರುವುದಿಲ್ಲವಲ್ಲ! ಕರವಸ್ತ್ರದಿಂದ ಅಂಚು ಒರೆಸುತ್ತೇವೆ ಎನ್ನುತ್ತೀರಿ. ನಮ್ಮಜ್ಜಿ ಆ ಸಭೆಯಲ್ಲಿದ್ದಿದ್ದರೆ ಬಟ್ಟಲಿಗೆ ಹುಣಸೆಹಣ್ಣು ಹಾಕಿ ತಿಕ್ಕಿ, ಲಾರ್ಡ್ ಮೇಯರಿಗೆ “ಕಚ್ಚಬೇಡ ಮಗಾ, ಎತ್ತಿ ಕುಡಿ” ಅನ್ನುತ್ತಿದ್ದರು. ಯೋಚಿಸಿ ನೋಡಿ. ಎತ್ತಿ ಕುಡಿದರೆ ಎಂಜಲೂ ಇಲ್ಲ, ಕತ್ತೂ ಪೂರ್ತಿ ಬಯಲಾಗುತ್ತದೆ. ಬೆನ್ನು ಕಾಯುವವನಿಗೆ ಕೊನೆಗೂ ಒಂದು ಕೆಲಸ ಸಿಕ್ಕಂತಾಗುತ್ತದೆ.

ತಮ್ಮಿಂದ ನಾವು ಕಲಿಯಬೇಕಾದದ್ದೂ ಇದೆ. ನಮ್ಮೂರಲ್ಲಿ ಚುನಾವಣೆ ಬಂದರೆ ಅಭ್ಯರ್ಥಿ ಮತದಾರನಿಗೆ ಬಾಡೂಟ ಹಾಕಿಸುತ್ತಾನೆ, ಸಿಕ್ಕಿಬಿದ್ದರೆ ಕೇಸಾಗುತ್ತದೆ. ತಮ್ಮಲ್ಲಿ ಉಲ್ಟಾ. ಜೂನಿನಲ್ಲಿ ಶೆರಿಫ್‌ಗಳನ್ನು ಆರಿಸುವವರು, ಸೆಪ್ಟೆಂಬರ್ ಕೊನೆಗೆ ಲಾರ್ಡ್ ಮೇಯರ್ ಆಯ್ಕೆಗೆ ಗಿಲ್ಡ್‌ಹಾಲಿನಲ್ಲಿ ಸೇರುವವರು ತಮ್ಮ ಲಿವರಿ ಸದಸ್ಯರೇ. ಆಲ್ಡರ್‌ಮನ್ ಆದವನು ಮೊದಲು ಶೆರಿಫ್ ಆಗದೆ ಲಾರ್ಡ್ ಮೇಯರ್ ಆಗುವಂತಿಲ್ಲ. ಹಾಗಾಗಿ ಅವನು ಸಭಾಂಗಣದಿಂದ ಸಭಾಂಗಣಕ್ಕೆ ಉಣ್ಣುತ್ತ ಹತ್ತಬೇಕು. ಓಟು ಹಾಕುವವರೇ ಊಟವನ್ನೂ ಹಾಕುತ್ತಾರೆ! ಇದರ ಮೇಲೆ ಕೇಸು ಹಾಕಲು ಯಾವ ಕಾನೂನಿಗೂ ಬಾಯಿ ಬಾರದು, ಬಾಯಿ ತುಂಬಿರುತ್ತದೆ. ಅಂದಹಾಗೆ, ಇಡೀ ಲಂಡನ್ನಿಗೆ ಒಬ್ಬ ಮೇಯರ್, ತಮ್ಮ ಸಿಟಿಯ ಒಂದು ಚದರ ಮೈಲಿಗೆ ಇನ್ನೊಬ್ಬ ಲಾರ್ಡ್ ಮೇಯರ್. 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ಬೆಂಗಳೂರು ವರ್ಷಗಟ್ಟಲೆ ಮೇಯರೇ ಇಲ್ಲದೆ ಕಾಲ ಹಾಕಿತು. ಆಗಲೇ ಒಬ್ಬರನ್ನು ಕೈಬದಲು ಕೇಳಬೇಕಿತ್ತು, ಹೊಳೆಯಲಿಲ್ಲ.

ಕಡೆಗೆ ಎರಡು ಬೇಡಿಕೆ. ತಮ್ಮ ಸಂಘ ಯಾವ ಕಸುಬಿನ ಹೆಸರಲ್ಲಿ ಉಣ್ಣುತ್ತದೋ ಅದನ್ನು ಇಂದಿಗೂ ಮಾಡಿ ಹೊಟ್ಟೆ ಹೊರೆಯುವ ಒಬ್ಬನನ್ನಾದರೂ ಹುಡುಕಿಸಿ, ಗಣ್ಯರ ಮೇಜಿನಲ್ಲಿ ಕೂರಿಸಿ. ಲಾರ್ಡ್ ಮೇಯರಿಗೆ ಮಾತಾಡಲು ವಿಷಯ ಸಿಗುತ್ತದೆ. ಕೆಲಸ ಬಿಟ್ಟು ಬರಲಾರೆ ಎಂದು ಅವನು ಹೇಳಿದರೆ ಒತ್ತಾಯ ಬೇಡ.

ನನ್ನನ್ನು ಮಾತ್ರ ಈ ಸಲ ಅಡುಗೆಮನೆಯ ಬಾಗಿಲ ಪಕ್ಕವೇ ಕೂರಿಸಿ. ಹಿರಿತನದ ಪಟ್ಟಿಯಲ್ಲಿ ಅದು ಎಷ್ಟನೆಯ ಜಾಗವಾದರೂ ಸರಿ, ಸೂಪು ಬಿಸಿಯಾಗಿರುತ್ತದೆ.

ಇಂತಿ,
ಹೋದ ಸಲದ ಕೊನೆಯ ಮೇಜಿನವನು