ಎಂಟು ಕೊಟ್ಟರೆ ಎರಡು

ಬ್ಯಾಂಕಿನವರ ಜಾತಕದಲ್ಲಿ ವರ್ಗಾವಣೆ ಅನ್ನೋದು ಸಾಡೇಸಾತಿಯ ಹಾಗೆ, ತಪ್ಪಿಸಿಕೊಂಡವರಿಲ್ಲ. ನನ್ನನ್ನು ಅದು ಒಯ್ದು ಬಿಟ್ಟದ್ದು ತೇನಿಗೆ. ನನ್ನ ತಮಿಳು ‘ಉಕ್ಕಾರುಂಗ’ಕ್ಕೆ ಶುರುವಾಗಿ ಅಲ್ಲಿಗೇ ಮುಗಿಯುತ್ತಿತ್ತು. ಬಂದವರು ಕೂತಮೇಲೆ ಮುಂದೇನು ಅಂತ ಗುಮಾಸ್ತನ ಮುಖ ನೋಡಬೇಕು.

ಹೀಗೆ ಒಂದು ಮಧ್ಯಾಹ್ನ ಬಂದು ಕೂತ ಬಿಳಿ ಪಂಚೆಯ ಗೌಂಡರು ಮೇಜಿನ ಮೇಲಿದ್ದ ನನ್ನ ಹೆಸರಿನ ಹಲಗೆ ನೋಡಿ, “ಕನ್ನಡದೋರಾ? ನಮ್ಮ ಮನೇಲೂ ಕನ್ನಡಾನೇ” ಅಂದರು. ನಾನು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟೆ. ಕಂಬಂ ಕಣಿವೆಯಲ್ಲಿ ಕಪ್ಪಿಲಿಯರ್, ಅನುಪ್ಪರ್ ಅಂತ ಕರೆಸಿಕೊಳ್ಳುವ ಕನ್ನಡ ಮನೆಮಾತಿನ ಒಕ್ಕಲು ಮನೆತನಗಳಿವೆ ಅಂತ ಎಲ್ಲೋ ಓದಿದ್ದೆ. ಒಬ್ಬರು ನನ್ನ ಎದುರೇ ಸಾಲ ಕೇಳಲು ಬಂದು ಕೂರುತ್ತಾರೆ ಅಂದುಕೊಂಡಿರಲಿಲ್ಲ. (ಅವರ ಕನ್ನಡವನ್ನು ಇದ್ದ ಹಾಗೇ ಬರೆಯಲು ನನಗೆ ಬಾರದು. ನನ್ನ ಕನ್ನಡಕ್ಕೆ ಎಳೆದುಕೊಂಡು ಬರೆಯುತ್ತಿದ್ದೇನೆ.)

ಗೌಂಡರ ಹಿಂದೆ ಅವರ ಮಗ, ಅವನ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. “ತಂಬಿಗೆ ಜರ್ಮನಿಯಲ್ಲಿ ಎಂಎಸ್ ಮಾಡಬೇಕಂತೆ. ನೀರಿನ ಎಂಜಿನಿಯರಿಂಗು.” ವಿಷಯದ ಆಯ್ಕೆಗೆ ಮನೆಯಲ್ಲಿ ತಕರಾರೇ ಇರಲಿಲ್ಲವಂತೆ. ಮುಲ್ಲಪೆರಿಯಾರ್ ಅಣೆಕಟ್ಟು ಕಟ್ಟಿ 1895ರಲ್ಲಿ ಈ ಕಣಿವೆಗೆ ನೀರು ಹರಿಸಿದ ಪೆನ್ನಿಕ್ವಿಕ್ ಅನ್ನುವ ಬ್ರಿಟಿಷ್ ಎಂಜಿನಿಯರ್ ಇಲ್ಲಿ ಅರ್ಧ ದೇವರು. ಅವನ ಹುಟ್ಟುಹಬ್ಬಕ್ಕೆ ಪೊಂಗಲ್ ಇಕ್ಕುತ್ತಾರೆ, ಮಕ್ಕಳಿಗೆ ಅವನ ಹೆಸರಿಡುತ್ತಾರೆ. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆಯಂತೆ: “ಪೆನ್ನಿಕ್ವಿಕ್ಕೂ ಎಂಎಸ್ ಮಾಡಿದ್ನಾ?”

ಫೈಲು ಬಿಚ್ಚಿದೆವು. ಹುಡುಗನ ಅಂಕ ಹತ್ತಕ್ಕೆ ಎಂಟು, ಅರಿಯರ್ ಒಂದೂ ಇಲ್ಲ. ಜರ್ಮನಿಯವರಿಗೆ ಮಾತ್ರ ನಮ್ಮ ಅಂಕ ನೇರವಾಗಿ ದಕ್ಕುವುದಿಲ್ಲ. ಹತ್ತರಲ್ಲಿ ಎಂಟು ಕಳೆದು, ಉಳಿದದ್ದನ್ನು ಹತ್ತಕ್ಕೂ ಪಾಸಿನ ಐದಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಬೇಕು. ಬಂದದ್ದು 2.2. ಗೌಂಡರ ಮುಖ ಬಾಡಿತು.

“ಎಂಟು ಕೊಟ್ಟು ಕಳಿಸಿದರೆ ಎರಡು ಮಾಡಿಕೊಂಡು ಬಂದನಾ?”

“ಅಲ್ಲಿ ಒಂದು ಅಂದರೆ ಅತ್ಯುತ್ತಮ ಗೌಂಡರೇ, ನಾಲ್ಕು ಅಂದರೆ ಕಷ್ಟಪಟ್ಟು ಪಾಸು. ಅಂಕ ಕಡಿಮೆಯಾದಷ್ಟೂ ಹುಡುಗ ಜಾಣ.”

“ಹಾಗಾದರೆ ನಾನು ಎಂಟನೇ ಕ್ಲಾಸಲ್ಲೇ ಜರ್ಮನಿಗೆ ಹೋಗಬೇಕಿತ್ತು” ಅಂದರು. ಆ ನಗುವಿನಲ್ಲಿ ಸಾಲದ ಅರ್ಧ ಮಾತುಕತೆ ಮುಗಿದಂತಾಯಿತು.

ಉಳಿದರ್ಧ ಮುಗಿಯಲು ನಾಲ್ಕು ತಿಂಗಳು ಹಿಡಿಯಿತು. ಏಳೂವರೆ ಲಕ್ಷದವರೆಗಿನ ಸಾಲಕ್ಕೆ ನಾವು ಜಮೀನು ಕೇಳುವುದಿಲ್ಲ, ಅದರ ಮೇಲೆ ಹೋದರೆ ಕೇಳುತ್ತೇವೆ. ಗೌಂಡರದ್ದು ಪನ್ನೀರು ದ್ರಾಕ್ಷಿ ತೋಟ. 2023ರಲ್ಲಿ ಭೌಗೋಳಿಕ ಮಾನ್ಯತೆ ಸಿಕ್ಕಿತಲ್ಲ, ಅದೇ ಕಂಬಂ ದ್ರಾಕ್ಷಿ. ಚಪ್ಪರದ ಕೆಳಗೆ ನಿಂತರೆ ತಲೆಗೆ ಗೊಂಚಲು ತಾಗುತ್ತೆ. ಆದರೆ ಬ್ಯಾಂಕಿಗೆ ಗೊಂಚಲು ಬೇಡ, ಪಟ್ಟಾ, ಚಿಟ್ಟಾ, ಅಡಂಗಲ್ ಬೇಕು, ನಮ್ಮಲ್ಲಿ ಇ.ಸಿ. ಅನ್ನುವುದಕ್ಕೆ ಅಲ್ಲಿ ‘ವಿಲ್ಲಂಗಂ’ ಅಂತಾರೆ, ಅದೂ ಬೇಕು. ಎಲ್ಲ ಬಂತು. ನೋಡಿದರೆ ಪಟ್ಟಾ ಐವರು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿ!

ಅಲ್ಲಿಗೆ ಅರ್ಜಿ ಹಾಕುವವರು ಐದು ಮನೆಯವರಾದರು. ದೊಡ್ಡಪ್ಪ ಸಹಿ ಹಾಕುವ ಮುಂಚೆ ಜರ್ಮನಿಯ ಚಳಿ ಎಷ್ಟು ಡಿಗ್ರಿ ಅಂತ ವಿಚಾರಿಸಿದರು. ಎರಡನೆಯವರು ಬೋಡಿಯ ಏಲಕ್ಕಿ ವ್ಯಾಪಾರಿ. “2019ರಲ್ಲಿ ಕೇಳಿದ್ದರೆ ಕೈಯಿಂದಲೇ ಕೊಟ್ಟುಬಿಡುತ್ತಿದ್ದೆ” ಅಂತ ನಿಟ್ಟುಸಿರಿಟ್ಟರು. ಆ ವರ್ಷ ಹರಾಜಿನಲ್ಲಿ ಏಲಕ್ಕಿ ಕಿಲೋಗೆ ಏಳು ಸಾವಿರ ಮುಟ್ಟಿ, ಆಮೇಲೆ ಪಾತಾಳಕ್ಕೆ ಇಳಿದಿತ್ತು. ಮೂರನೆಯವರ ಮಗ ಆಗಲೇ ಅಮೆರಿಕದಲ್ಲಿದ್ದ. ಅವನ ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಹಾಗಿದ್ದರೆ ಅಮೆರಿಕದವರು ಇದ್ದೊಂದು ಹೆಸರನ್ನು ಸರ್‌ನೇಮ್‌ಗೆ ತಳ್ಳಿ, ಮುಂದೆ ‘ಎಫ್‌ಎನ್‌ಯು’ ಅಂತ ಬರೆಯುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರ ಅರ್ಥ. ಅವರಪ್ಪ ಮಾತ್ರ ಊರಲ್ಲೆಲ್ಲ “ಮಗ ಅಲ್ಲಿ ಎಫ್‌ಎನ್‌ಯು ಮಾಡ್ತಿದಾನೆ” ಅಂತ ಹೇಳಿಕೊಂಡು ಬಂದಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಸಹಿ ಬೇಕಿತ್ತಲ್ಲ.

ನಮ್ಮ ಹುಡುಗ ಇದರಿಂದ ಬುದ್ಧಿ ಕಲಿತು ಇನಿಷಿಯಲ್ ಬಿಡಿಸಿ ಅಪ್ಪನ ಹೆಸರನ್ನೇ ಸರ್‌ನೇಮ್ ಮಾಡಿಸಿದ. ಪರಿಣಾಮ ಏನಾಯಿತೆಂದರೆ, ಯೂನಿವರ್ಸಿಟಿಗಳಿಂದ ಬಂದ ಪತ್ರಗಳೆಲ್ಲ ‘ಹೆರ್’ ಅಂತ ಶುರುವಾಗಿ ಅಪ್ಪನ ಹೆಸರಿಗೇ ಬಂದವು. ಮೊದಲ ಪತ್ರ ಬಂದ ದಿನ ಗೌಂಡರು, “ಸೀಟು ಸಿಕ್ಕಿರೋದು ನನಗೇ ಅಲ್ವಾ ಸರ್?” ಅಂತ ಮೀಸೆ ತಿರುವಿದರು.

ಪತ್ರ ಬರುವ ಮುಂಚಿನ ಫಜೀತಿ ಹೇಳಬೇಕು. ಎಸ್‌ಒಪಿ ಅಂತ ಒಂದಿದೆ: ನಾನು ಯಾರು, ಯಾಕೆ ಬರುತ್ತಿದ್ದೇನೆ, ನನ್ನಂಥವನು ನಿಮಗೆ ಸಿಕ್ಕುವುದು ಎಂಥ ಪುಣ್ಯ ಅಂತ ತಾನೇ ಎರಡು ಪುಟ ಬರೆದುಕೊಳ್ಳಬೇಕು. ಹುಡುಗ ಬರೆದು ತಂದದ್ದು “ಬಾಲ್ಯದಿಂದಲೂ ನನಗೆ ನೀರೆಂದರೆ” ಅಂತ ಶುರುವಾಗಿತ್ತು. ಬಾಲ್ಯದಲ್ಲಿ ಇವನನ್ನು ಸ್ನಾನಕ್ಕೆ ಹಿಡಿದು ತರಲು ಇಬ್ಬರು ಬೇಕಿತ್ತು ಅಂತ ಅಜ್ಜಿಯ ಸಾಕ್ಷ್ಯವಿದೆ. ನಿಜವಾಗಿ ಅವನು ಮಾಡಿದ್ದ ಕೆಲಸವೇ ಬೇರೆ. ತೋಟದ ಪಂಪಿಗೆ ಕರೆಂಟು ಹೊತ್ತಲ್ಲದ ಹೊತ್ತಿಗೆ ಬರುತ್ತೆ, ಗೌಂಡರು ರಾತ್ರಿ ಎರಡಕ್ಕೆ ಟಾರ್ಚು ಹಿಡಿದು ಹೋಗಿ ಮೋಟರು ಹಾಕುತ್ತಿದ್ದರು. ಹುಡುಗ ಮೊಬೈಲ್ ಸ್ಟಾರ್ಟರ್ ಕೂರಿಸಿ, ಮಣ್ಣಿನ ತೇವ ನೋಡಿ ತಾನೇ ನಿಲ್ಲುವ ಹಾಗೆ ಅದಕ್ಕೊಂದು ಸೆನ್ಸರು ಜೋಡಿಸಿದ್ದ. ಅದನ್ನು ಯಾಕೆ ಬರೆಯಲಿಲ್ಲ ಅಂದರೆ, “ಅದು ಮನೆ ಕೆಲಸ ಸರ್, ಹೇಗೆ ಬರೆಯೋದು?” ಅಂತಾನೆ. ನಮ್ಮ ಮಕ್ಕಳಿಗೆ ಹೊಗಳಿಕೊಳ್ಳಲು ಬಾರದು. ಅಜ್ಜಿಯನ್ನು ಕೂರಿಸಿದ್ದರೆ ಎಸ್‌ಒಪಿ ನಾಲ್ಕು ಸಂಪುಟವಾಗುತ್ತಿತ್ತು. ಶಿಫಾರಸು ಪತ್ರದ ಕಥೆ ಎಲ್ಲರಿಗೂ ಗೊತ್ತಿರುವುದೇ: ಮೇಷ್ಟ್ರು “ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ” ಅಂದಿದ್ದರು. ಎಸ್‌ಒಪಿಯಲ್ಲಿ ಬರೆಯಲು ನಾಚಿದ್ದನ್ನೆಲ್ಲ ಹುಡುಗ ಮೇಷ್ಟ್ರ ಬಾಯಿಂದ ಹೇಳಿಸಿದ.

ಸೀಟು ಕೊಡುವ ಕ್ರಮ ಈ ಕಣಿವೆಯವರಿಗೂ ಗೊತ್ತು. ಕಂಬಂನಲ್ಲಿ ಇವರ ದೇವರ ದನಗಳ ದೊಡ್ಡಿಯಿದೆ, ‘ತಂಬಿರಾನ್ ಮಾಡು’ ಅನ್ನುತ್ತಾರೆ. ಹಿಂಡಿಗೊಂದು ಪಟ್ಟದ ಹೋರಿ. ಅದು ತೀರಿಕೊಂಡರೆ ಹಿಂಡಿನ ಮುಂದೆ ಕಬ್ಬು ಇಡುವುದು, ಯಾವುದು ಮೊದಲು ಬಾಯಿ ಹಾಕುತ್ತೋ ಅದಕ್ಕೆ ಪಟ್ಟ. ಹಳೆಯ ಮದುರೆ ಗೆಜೆಟಿಯರ್‌ನಲ್ಲೂ ಇದರ ಪ್ರಸ್ತಾಪ ಇದೆ. ಐಇಎಲ್‌ಟಿಎಸ್ ಇಲ್ಲ, ಎಸ್‌ಒಪಿ ಇಲ್ಲ, ಜುಲೈ 15ರ ಗಡುವೂ ಇಲ್ಲ. ಹತ್ತು ಕಡೆ ಅರ್ಜಿ ಹಾಕಲು, ಅರ್ಜಿಗಳನ್ನು ಪರಿಶೀಲಿಸಿ ಕಳಿಸುವ ಯೂನಿ-ಅಸಿಸ್ಟ್‌ಗೆ ಮೊದಲನೆಯದಕ್ಕೆ 75 ಯೂರೋ, ಮಿಕ್ಕವಕ್ಕೆ ತಲಾ 30 ಅಂತ ಕಟ್ಟುವಾಗ ಗೌಂಡರಿಗೆ ಆ ಕಬ್ಬಿನ ಕಟ್ಟೇ ನೆನಪಾಯಿತಂತೆ. ಮೊದಲು ಹತ್ತು ಯಾಕೆ ಅಂತ ರೇಗಿದವರು, “ಪಳನಿಗೊಂದು, ವೀರಪಾಂಡಿಗೊಂದು, ಸುರುಳಿಗೊಂದು ಅಂತ ನೀವು ಹರಕೆ ಹೊರೋದಿಲ್ವಾ?” ಅಂತ ಹುಡುಗ ಕೇಳಿದ ಮೇಲೆ ಸುಮ್ಮನಾದರು. ಎಪಿಎಸ್ ಅನ್ನುವ ದಾಖಲೆ ಪರಿಶೀಲನೆ 2022ರ ನವೆಂಬರಿನಿಂದ ನಮ್ಮವರಿಗೆ ಕಡ್ಡಾಯ, ಅದಕ್ಕೆ 18,000 ರೂಪಾಯಿ. ಅದು ತಡವಾದಾಗ ಇಡೀ ಮನೆ ಕುಚ್ಚನೂರು ಶನೀಶ್ವರನಿಗೆ ಎಳ್ಳೆಣ್ಣೆ ಹಚ್ಚಿತು. ಮುಂದಿನ ವಾರ ಸರ್ಟಿಫಿಕೇಟು ಬಂತು. ಶನೀಶ್ವರನ ಹುಂಡಿಗೆ ಬಿದ್ದದ್ದು ನೂರೊಂದು.

ಗೌಂಡರು ನಿಜವಾಗಿ ಸಿಟ್ಟಾದದ್ದು ಒಂದೇ ಸಲ, ‘ಸ್ಪೆರ್‌ಕೊಂಟೊ’ಗೆ. ಅಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಬಹುಪಾಲು ಕಡೆ ಬೋಧನಾ ಶುಲ್ಕ ಇಲ್ಲ ಅಂತ ಕೇಳಿ ಖುಷಿಯಾಗಿದ್ದವರು. ಆದರೆ ವೀಸಾ ಬೇಕೆಂದರೆ ಒಂದು ವರ್ಷದ ಖರ್ಚು 11,904 ಯೂರೋ ಮೊದಲೇ ಕಟ್ಟಿ, ಬೀಗ ಹಾಕಿದ ಖಾತೆಯಲ್ಲಿಡಬೇಕು. ತಿಂಗಳಿಗೆ 992 ಮಾತ್ರ ಹುಡುಗನ ಕೈಗೆ.

“ದುಡ್ಡು ನಮ್ಮದು?”

“ನಿಮ್ಮದೇ.”

“ಇಷ್ಟಿಷ್ಟೇ ಖರ್ಚು ಮಾಡು ಅಂತ ಕೊಡೋರು ಅವರು?”

“ಹೌದು.”

“ನಮ್ಮಮ್ಮ ಸೊಸೆಯಂದಿರಿಗೆ ಮಾಡಿದ್ದೂ ಇದನ್ನೇ. ಬೀಗ ಮಾತ್ರ ದಿಂಡಿಗಲ್ಲಿನದು.”

ದಿಂಡಿಗಲ್ ಬೀಗದ ಮಾತು ಅಲ್ಲಿಗೆ ಮುಗಿಯಲಿಲ್ಲ. ಹೊರಡುವ ದಿನ ದೊಡ್ಡಪ್ಪ ಸೂಟ್‌ಕೇಸಿಗೆ ಅಂತ ಅಲ್ಲಿಂದಲೇ ಮಾವಿನಕಾಯಿ ಆಕಾರದ ಕಬ್ಬಿಣದ ಬೀಗ ತಂದುಕೊಟ್ಟರು. ತೂಕದ ಮಿತಿ 23 ಕಿಲೋ. ಬೀಗಕ್ಕೆ ಜಾಗ ಮಾಡಲು ಏಲಕ್ಕಿ ಚಿಕ್ಕಪ್ಪನ ಒಂದು ಪೊಟ್ಟಣ ತೆಗೆಯಬೇಕಾಯಿತು, ಆ ಇಬ್ಬರು ಇವತ್ತಿಗೂ ಮಾತು ಬಿಟ್ಟಿದ್ದಾರೆ. 2023ರ ಜೂನ್‌ನಲ್ಲಿ ಬೋಡಿಗೆ ಮತ್ತೆ ರೈಲು ಬಂದಿತ್ತಲ್ಲ, ಚೆನ್ನೈವರೆಗೆ ಅದರಲ್ಲೇ ಹೋದರು. ತೇನಿ ಸ್ಟೇಷನ್ನಿಗೆ ನಾನೂ ಹೋಗಿದ್ದೆ. ಅಜ್ಜಿ ಹೇಳುತ್ತಿದ್ದರು: ನಮ್ಮೋರು ತುಂಗಭದ್ರೆ ಕಡೆಯಿಂದ ಬರುವಾಗ ತುಂಬಿದ ಹೊಳೆಗೆ ಹೊಂಗೆ ಮರವೇ ಬಾಗಿ ಸೇತುವೆಯಾಗಿತ್ತಂತೆ. “ಮರ ಏನೂ ಕಾಗದ ಕೇಳಲಿಲ್ಲ ನೋಡು” ಅಂತ ನನ್ನ ಕಡೆಗೇ ತಿರುಗಿ ಅಂದರು. ಮುದುಕಿಗೆ ಬ್ಯಾಂಕಿನವನ ಗುರುತು ಚೆನ್ನಾಗಿತ್ತು.

ಆಮೇಲೆ ನನಗೆ ಊರಿಗೆ ವರ್ಗವಾಯಿತು. ಮೊನ್ನೆ ಗೌಂಡರ ಫೋನು. ಹುಡುಗನ ರೂಮಿಗೆ ಇನ್ನೊಬ್ಬ ಬಂದಿದ್ದಾನಂತೆ, ಕನ್ನಡದವನೇ, ಕಲಬುರಗಿ ಕಡೆಯವನು.

“ಒಳ್ಳೇದಾಯ್ತಲ್ಲ! ಮಾತಿಗೆ ಜೊತೆಯಾಯ್ತು.”

“ಎಲ್ಲಿ ಸರ್! ಇವನ ಕನ್ನಡ ಅವನಿಗೆ ತಮಿಳು ಕೇಳಿದ ಹಾಗೆ ಕೇಳುತ್ತಂತೆ. ಅವನದು ಇವನಿಗೆ ಹಿಂದಿ ಹಾಗೆ. ಇಬ್ಬರೂ ಇಂಗ್ಲಿಷಲ್ಲಿ ಮಾತಾಡ್ತಾರೆ.”

ಒಂದು ಗಳಿಗೆ ಸುಮ್ಮನಿದ್ದು ದನಿ ತಗ್ಗಿಸಿದರು. “ಸರ್, ಆ 992ರಲ್ಲಿ ತಿಂಗಳ ಕೊನೆಗೆ ಏನಾದರೂ ಮಿಕ್ಕಿದರೆ ವಾಪಸ್ ನಮ್ಮ ಖಾತೆಗೆ ಬರುತ್ತಾ?”