ಪೋಲೆಂಡ್ ಯಾತ್ರಿಕರ ಪ್ರಮಾಣ ಮೀಮಾಂಸೆ

ಪೋಲೆಂಡಿನ ಊರುಗಳನ್ನು ಸುತ್ತಲು ಪಾಸ್‌ಪೋರ್ಟು, ದಪ್ಪ ಕೋಟು, ಜೇಬಿನಲ್ಲಿ ಯೂರೋ ಬದಲು ಒಂದಷ್ಟು ಜ್ವೋಟಿ ಇದ್ದರೆ ಸಾಕೆಂಬುದು ಪೂರ್ವಪಕ್ಷ. ಸಾಲದೆಂಬುದು ನಮ್ಮ ಸಿದ್ಧಾಂತ. ಶಾಸ್ತ್ರೋಕ್ತ ಪ್ರಮಾಣಗಳನ್ನೂ ಪೆಟ್ಟಿಗೆಗೆ ತುಂಬಿಕೊಳ್ಳಬೇಕು. ಅವು ಅಲ್ಲಿ ಒಂದೊಂದಾಗಿ ಕೈಕೊಡುವ ಕ್ರಮವನ್ನು ನಿರೂಪಿಸುವುದೇ ಈ ಪ್ರಬಂಧದ ಪ್ರಯೋಜನ.

ಮೊದಲಿಗೆ ಅನುಮಾನ. ಹೊಗೆ ಕಂಡಲ್ಲಿ ಬೆಂಕಿಯನ್ನು ಊಹಿಸಿ ಅಭ್ಯಾಸವಿರುವ ಪಂಡಿತರೊಬ್ಬರು ವಾರ್ಸಾದ ಕೆಫೆಯೊಂದರಲ್ಲಿ ಅವಸರವಾಗಿ ಎದ್ದು ಹಿಂದಕ್ಕೆ ಹೋಗುತ್ತಾರೆಂದು ಭಾವಿಸೋಣ. ಎದುರಿಗೆ ಎರಡು ಬಾಗಿಲು. ಒಂದರ ಮೇಲೆ ತ್ರಿಕೋನ, ಇನ್ನೊಂದರ ಮೇಲೆ ವೃತ್ತ, ಅಕ್ಷರವೊಂದೂ ಇಲ್ಲ. ಪಂಡಿತರು ತಂತ್ರಶಾಸ್ತ್ರವನ್ನೂ ಓದಿದ್ದರೆ ಕೆಟ್ಟರು. ತುದಿ ಕೆಳಗಾದ ತ್ರಿಕೋನ ಶಕ್ತಿಯ ಸಂಕೇತ, ಅರ್ಥಾತ್ ಸ್ತ್ರೀತತ್ತ್ವ. ಆದ್ದರಿಂದ ಪುರುಷನಾದ ತನಗೆ ವೃತ್ತವೇ ಗತಿ ಎಂದು ನಿಗಮಿಸಿ ನುಗ್ಗುತ್ತಾರೆ. ಒಳಗಿನಿಂದ ಏಳುವ ಚೀತ್ಕಾರವೇ ಖಂಡನಗ್ರಂಥ. ಪೋಲಿಷ್ ಸಂಪ್ರದಾಯದಲ್ಲಿ ತ್ರಿಕೋನ ಗಂಡಸರದು, ವೃತ್ತ ಹೆಂಗಸರದು. ಅಗಲ ಭುಜ, ಸಣ್ಣ ಸೊಂಟದ ಗಂಡಸಿನ ರೇಖಾಚಿತ್ರವೇ ತ್ರಿಕೋನವೆಂದು ಕೆಲವು ಭಾಷ್ಯಕಾರರ ಮತ. ಅಂಥ ಆಕಾರ ಈ ಲೇಖಕನ ಕನ್ನಡಿಯಲ್ಲಿ ಈವರೆಗೆ ಕಾಣಿಸಿಕೊಂಡಿಲ್ಲವಾಗಿ ವ್ಯಾಖ್ಯಾನ ಚಿಂತ್ಯ. ತುದಿ ಎತ್ತ ತಿರುಗಿದ್ದರೂ ತ್ರಿಕೋನ ಗಂಡೇ ಎಂದು ಬಾಯಿಪಾಠ ಮಾಡಿಕೊಳ್ಳಿ. ಜಿಜ್ಞಾಸೆಗೆ ಪುರುಸೊತ್ತಿರುವ ವಿಷಯವಲ್ಲ ಇದು. ಹಲವು ಸಾರ್ವಜನಿಕ ಶೌಚಾಲಯಗಳಲ್ಲಿ ದುಡ್ಡು ತೆರಬೇಕು, ಚಿಲ್ಲರೆ ಇಟ್ಟುಕೊಂಡಿರಿ.

ಇನ್ನು ಪ್ರತ್ಯಕ್ಷ. ಟ್ರಾಮ್ ಹತ್ತಿದವರ ಕೈಯಲ್ಲಿ ಟಿಕೆಟ್ ಇರುವುದು ಪ್ರತ್ಯಕ್ಷವೇ. ಆದರೂ ಒಳಗಿನ ಪುಟ್ಟ ಯಂತ್ರಕ್ಕೆ ತೂರಿಸಿ ಮುದ್ರೆ ಒತ್ತಿಸುವ ತನಕ ಆ ಕಾಗದಕ್ಕೆ ಮುಂಜಿಯಾಗಿಲ್ಲ. ‘ಟಿಕೆಟ್, ಟಿಕೆಟ್’ ಎಂದು ಕೂಗುತ್ತ ಬರುವ ನಮ್ಮ ಕಂಡಕ್ಟರ್ ಅಲ್ಲಿಲ್ಲ. ತಪಾಸಣೆಯವರು ಎಷ್ಟೋ ಸಲ ಸಾದಾ ಉಡುಪಿನಲ್ಲಿ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾರೆ, ಪರಬ್ರಹ್ಮದಂತೆ ಇದ್ದೂ ಕಾಣದೆ. ಸಾಕ್ಷಾತ್ಕಾರವಾದೊಡನೆ ದಂಡ. ‘ನಾನು ಪರದೇಶಿ, ಗೊತ್ತಿರಲಿಲ್ಲ’ ಎಂಬುದು ಹೇತ್ವಾಭಾಸ.

ರೈಲು ನಿಲ್ದಾಣ ದ್ವೈತಿಗಳದು. ಪ್ಲಾಟ್‌ಫಾರ್ಮಿಗೆ, ಅಂದರೆ ‘ಪೆರೋನ್’ಗೆ, ಒಂದು ಸಂಖ್ಯೆ, ಅದರ ಪಕ್ಕದ ಹಳಿಗೆ, ಅಂದರೆ ‘ತೋರ್’ಗೆ, ಬೇರೆಯೇ ಸಂಖ್ಯೆ. ಎರಡೂ ಒಂದೇ ಎಂದು ನಂಬಿದ ಅದ್ವೈತಿ ಬೇರೊಂದು ಊರಿನಲ್ಲಿ ಇಳಿಯುತ್ತಾನೆ.

ಉಪಮಾನದ ಗತಿ ಇನ್ನೂ ವಿಚಿತ್ರ. ವಾರ್ಸಾದ ಹಳೆಪೇಟೆಯನ್ನು ಎರಡನೇ ಮಹಾಯುದ್ಧದಲ್ಲಿ ಜರ್ಮನರು ನೆಲಸಮ ಮಾಡಿದರು. ಆಮೇಲೆ ಅದನ್ನು ಮತ್ತೆ ಕಟ್ಟುವಾಗ 18ನೆಯ ಶತಮಾನದ ಬೆಲ್ಲೊಟ್ಟೊ ಬಿಡಿಸಿದ್ದ ಚಿತ್ರಗಳ ನೆರವನ್ನೂ ಪಡೆದರು. ಬಿಂಬಕ್ಕಿಂತ ಪ್ರತಿಬಿಂಬವೇ ಹಿರಿದಾದ ಇಂಥ ಪ್ರಸಂಗ ತರ್ಕಗ್ರಂಥಗಳಲ್ಲಿ ನಮಗೆ ಸಿಕ್ಕಿಲ್ಲ. ಯುನೆಸ್ಕೊ ಮಾತ್ರ ತಲೆ ಕೆಡಿಸಿಕೊಳ್ಳದೆ 1980ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಳೆಯ ಕಲ್ಲೇ ಬೇಕೆಂದು ಹಟ ಹಿಡಿಯುವವರು ಕ್ರಾಕೋವ್‌ಗೆ ಹೋಗಬಹುದು.

ಅಲ್ಲಿ ಶಬ್ದಪ್ರಮಾಣ ಕಾದಿದೆ. ಸಂತ ಮೇರಿ ಚರ್ಚಿನ ಗೋಪುರದಿಂದ ಗಂಟೆಗೊಮ್ಮೆ ನಾಲ್ಕು ದಿಕ್ಕಿಗೂ ತುತ್ತೂರಿ ಊದುತ್ತಾರೆ. ರಾಗ ನಡುವೆಯೇ ಕಡಿದುಹೋಗುತ್ತದೆ. ತಾತಾರರ ಬಾಣ ಊದುವವನ ಗಂಟಲಿಗೆ ನಾಟಿದ್ದರ ನೆನಪು ಎಂದು ಐತಿಹ್ಯ. ಮುಂದಿನ ಚರಣಕ್ಕೆ ಕಾಯಬೇಡಿ.

ಉಳಿದದ್ದು ಅನುಪಲಬ್ಧಿ, ಇಲ್ಲದ್ದನ್ನು ಇಲ್ಲವೆಂದು ಅರಿಯುವ ಪ್ರಮಾಣ. ಇದೊಂದು ಮಾತ್ರ ಪೋಲೆಂಡಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ಅದೂ ಭಾನುವಾರ. 2018ರ ಕಾನೂನಿನ ನಂತರ ಹೆಚ್ಚಿನ ಭಾನುವಾರಗಳಂದು ದೊಡ್ಡ ಅಂಗಡಿಗಳಿಗೆಲ್ಲ ಬೀಗ. ಶನಿವಾರವೇ ಬ್ರೆಡ್ಡು, ಹಾಲು ಕೊಂಡಿಡತಕ್ಕದ್ದೆಂಬುದು ವಿಧಿವಾಕ್ಯ. ಮರೆತವರಿಗೆ ಪ್ರಾಯಶ್ಚಿತ್ತವೂ ಉಂಟು: ಮಾಲೀಕರೇ ಗಲ್ಲಾದಲ್ಲಿ ನಿಂತರೆ ನಿಷೇಧ ತಟ್ಟದಾದ್ದರಿಂದ, ಬೀದಿಬೀದಿಯ ಹಸಿರು ಫಲಕದ ‘ಝಾಬ್ಕಾ’ ಅಂಗಡಿಗಳು ಎಷ್ಟೋ ಕಡೆ ತೆರೆದಿರುತ್ತವೆ. ಬೆಲೆ ತುಸು ಹೆಚ್ಚು. ಪ್ರಾಯಶ್ಚಿತ್ತವೆಂದ ಮೇಲೆ ದಕ್ಷಿಣೆ ಕೊಡಲೇಬೇಕಲ್ಲ.